ಗೆರೆ ಎಳೆಯುವ ಅಧಿಕಾರ: ಕ್ಯಾಲಿಫೋರ್ನಿಯದ ಮತದಾರರು ಮತ್ತು ಕಾಂಗ್ರೆಸ್ ಕ್ಷೇತ್ರಗಳ ನಕ್ಷೆ

ಅಮೆರಿಕ ಸಂಯುಕ್ತ ಸಂಸ್ಥಾನದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಮತದಾನದ ಹಕ್ಕುಳ್ಳ 435 ಸ್ಥಾನಗಳಿದ್ದು, ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಬಳಿಕ ಅವು ಜನಸಂಖ್ಯೆಯ ಪ್ರಮಾಣದಲ್ಲಿ 50 ರಾಜ್ಯಗಳಿಗೆ ಮರುಹಂಚಿಕೆಯಾಗುತ್ತವೆ. ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಸಲ್ಲಬೇಕು ಎಂಬುದು ಗಣಿತದ ಸೂತ್ರದಿಂದ ತೀರ್ಮಾನವಾಗುವ ವಿಷಯ. ಆದರೆ ಆ ಸ್ಥಾನಗಳ ಎಲ್ಲೆಗಳು ರಾಜ್ಯದೊಳಗೆ ಯಾವ ಊರನ್ನು ಒಳಗೊಂಡು ಯಾವ ಊರನ್ನು ಹೊರಗಿಟ್ಟು ಸಾಗಬೇಕು ಎಂಬುದಕ್ಕೆ ಅಂಥ ಸೂತ್ರವಿಲ್ಲ. ಚುನಾವಣೆಯ ಕಾಲ, ಸ್ಥಳ, ವಿಧಾನಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಅಲ್ಲಿನ ಸಂವಿಧಾನದ ಮೊದಲ ವಿಧಿಯ ನಾಲ್ಕನೆಯ ಪರಿಚ್ಛೇದವು ಆಯಾ ರಾಜ್ಯದ ಶಾಸನಸಭೆಗೆ ವಹಿಸಿ, ಅದನ್ನು ಮಾರ್ಪಡಿಸುವ ಹಕ್ಕನ್ನು ಕಾಂಗ್ರೆಸ್ಸಿಗೆ ಉಳಿಸಿರುವುದರಿಂದ, ಕ್ಷೇತ್ರಗಳ ಗೆರೆ ಎಳೆಯುವ ಕೆಲಸವೂ ರೂಢಿಯಲ್ಲಿ ಶಾಸನಸಭೆಯ ಬಹುಮತದ ಪಕ್ಷದ ಕೈಗೆ ಸೇರಿತು.

ಭಾರತದ ಓದುಗರಿಗೆ ಈ ವ್ಯವಸ್ಥೆ ಅಪರಿಚಿತವಾಗಿ ತೋರುವುದು ಸಹಜ. ಇಲ್ಲಿ ಕ್ಷೇತ್ರ ಪುನರ್ವಿಂಗಡಣೆಯನ್ನು ನ್ಯಾಯಾಧೀಶರ ಅಧ್ಯಕ್ಷತೆಯ ಕೇಂದ್ರ ಆಯೋಗ ನಡೆಸುತ್ತದೆ; 2008ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಅಳಿದು ಬೆಂಗಳೂರು ಗ್ರಾಮಾಂತರ ಹುಟ್ಟಿದ್ದು, ಧಾರವಾಡ ದಕ್ಷಿಣದ ಜಾಗಕ್ಕೆ ಹಾವೇರಿ ಬಂದದ್ದು ಅಂಥ ಆಯೋಗದ ಆದೇಶದಿಂದಲೇ ಹೊರತು ವಿಧಾನಸೌಧದ ಠರಾವಿನಿಂದಲ್ಲ. ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳ ಎಲ್ಲೆಗಳನ್ನು ರಾಜ್ಯದಲ್ಲಿ ಆಗ ಅಧಿಕಾರದಲ್ಲಿರುವ ಪಕ್ಷವೇ ತನ್ನ ಅನುಕೂಲಕ್ಕೆ ತಕ್ಕಂತೆ ಬರೆದು, ಅದನ್ನು ಸಾಮಾನ್ಯ ಮಸೂದೆಯಂತೆ ಅಂಗೀಕರಿಸಿಬಿಡುವ ಸ್ಥಿತಿಯನ್ನು ಊಹಿಸಿಕೊಂಡರೆ ಅಮೆರಿಕದ ಬಹುಪಾಲು ರಾಜ್ಯಗಳ ಪರಿಸ್ಥಿತಿ ಅರ್ಥವಾಗುತ್ತದೆ. ಆ ಅಧಿಕಾರವನ್ನು ಶಾಸಕರಿಂದ ಬಿಡಿಸಿಕೊಳ್ಳಲು ಕ್ಯಾಲಿಫೋರ್ನಿಯದ ಮತದಾರರು ನಡೆಸಿದ ಪ್ರಯತ್ನಗಳು, ಅವುಗಳ ಸೋಲುಗಳು, ಕೊನೆಗೆ ಸಿಕ್ಕ ಗೆಲುವು ಮತ್ತು 2025ರಲ್ಲಿ ಆ ಗೆಲುವನ್ನು ಅವರೇ ತಾತ್ಕಾಲಿಕವಾಗಿ ಬದಿಗಿಟ್ಟ ಬಗೆ, ಇವೆಲ್ಲ ಸೇರಿ ಒಂದು ಶತಮಾನದ ಚರಿತ್ರೆಯಾಗುತ್ತವೆ.

ಪಕ್ಷದ ಲಾಭಕ್ಕಾಗಿ ಎಲ್ಲೆಗಳನ್ನು ತಿರುಚುವುದಕ್ಕೆ ಅಮೆರಿಕದಲ್ಲಿ ಜೆರಿಮ್ಯಾಂಡರಿಂಗ್ ಎನ್ನುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್ಬ್ರಿಜ್ ಗೆರಿ ರಾಜ್ಯದ ಮೇಲ್ಮನೆಯ ಕ್ಷೇತ್ರಗಳನ್ನು ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ವಿಂಗಡಿಸಿದ ಮಸೂದೆಗೆ ಸಹಿ ಹಾಕಿದಾಗ, ಎಸೆಕ್ಸ್ ಕೌಂಟಿಯ ಉದ್ದನೆಯ ಡೊಂಕು ಕ್ಷೇತ್ರವೊಂದು ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಜೀವಿಯನ್ನು ಹೋಲುತ್ತದೆಂದು ಬೋಸ್ಟನ್ ಗೆಜೆಟ್ ಪತ್ರಿಕೆ ಅದಕ್ಕೆ ರೆಕ್ಕೆ, ಉಗುರು ಮತ್ತು ಕೋರೆಹಲ್ಲುಗಳನ್ನು ಸೇರಿಸಿ ಚಿತ್ರ ಪ್ರಕಟಿಸಿತು. ಗವರ್ನರನ ಹೆಸರೂ ಪ್ರಾಣಿಯ ಹೆಸರೂ ಬೆಸೆದು ಹೊಸ ಪದ ಹುಟ್ಟಿತು. ಆ ವರ್ಷ ಗೆರಿ ಗವರ್ನರ್ ಸ್ಥಾನ ಕಳೆದುಕೊಂಡರೂ ಮೇಲ್ಮನೆ ಆತನ ಪಕ್ಷದ ಕೈಯಲ್ಲೇ ಉಳಿಯಿತು ಎಂಬುದು ಈ ತಂತ್ರದ ಬಲಕ್ಕೆ ಸಾಕ್ಷಿ. ತಂತ್ರದ ತಿರುಳು ಇಂದಿಗೂ ಬದಲಾಗಿಲ್ಲ: ಎದುರಾಳಿ ಪಕ್ಷದ ಮತದಾರರನ್ನು ಒಂದೆರಡು ಕ್ಷೇತ್ರಗಳಲ್ಲಿ ಕಿಕ್ಕಿರಿಯುವಂತೆ ತುಂಬಿ ಅವರ ಹೆಚ್ಚುವರಿ ಮತಗಳನ್ನು ನಿರುಪಯುಕ್ತಗೊಳಿಸುವುದು, ಉಳಿದವರನ್ನು ಹಲವು ಕ್ಷೇತ್ರಗಳಿಗೆ ಚೂರುಚೂರಾಗಿ ಹಂಚಿ ಎಲ್ಲಿಯೂ ಬಹುಮತ ಬಾರದಂತೆ ನೋಡಿಕೊಳ್ಳುವುದು.

ಕ್ಯಾಲಿಫೋರ್ನಿಯದ ಮತದಾರರಿಗೆ ಇದನ್ನು ಎದುರಿಸುವ ಉಪಾಯ ದೊರೆತದ್ದು 1911ರಲ್ಲಿ. ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿ ರಾಜ್ಯದ ಶಾಸನಸಭೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಕಾಲವದು; ಆ ಹಿಡಿತವನ್ನು ಮುರಿಯುವ ಮಾತು ಕೊಟ್ಟು 1910ರಲ್ಲಿ ಗವರ್ನರ್ ಆಗಿ ಆರಿಸಿಬಂದ ಹೈರಮ್ ಜಾನ್ಸನ್ ಮುಂದಿಟ್ಟ ಸಂವಿಧಾನ ತಿದ್ದುಪಡಿಗಳನ್ನು ಮತದಾರರು 1911ರ ಅಕ್ಟೋಬರ್ 10ರಂದು ಅಂಗೀಕರಿಸಿದರು. ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿದ್ದೂ ಅದೇ ದಿನದ ಚುನಾವಣೆಯಲ್ಲಿ. ಇನಿಷಿಯೇಟಿವ್ ಎಂಬ ಏರ್ಪಾಡಿನಡಿ ನಾಗರಿಕರು ನಿಗದಿತ ಸಂಖ್ಯೆಯ ಸಹಿಗಳನ್ನು ಸಂಗ್ರಹಿಸಿ ತಾವೇ ಬರೆದ ಕಾನೂನನ್ನು ನೇರವಾಗಿ ಮತಕ್ಕೆ ಹಾಕಿಸಬಹುದು. ರೆಫರೆಂಡಮ್ ಎಂಬುದರಡಿ ಶಾಸನಸಭೆ ಮಾಡಿದ ಕಾನೂನನ್ನು ತಡೆಹಿಡಿದು ಜನರ ತೀರ್ಪಿಗೆ ಒಪ್ಪಿಸಬಹುದು. ಹೀಗೆ ಮತಪತ್ರದ ಮೇಲೆ ಬರುವ ಪ್ರತಿಯೊಂದು ಪ್ರಶ್ನೆಗೂ ಪ್ರೊಪೊಸಿಷನ್, ಅಂದರೆ ಪ್ರಸ್ತಾವ ಎಂದು ಹೆಸರು. ಪ್ರತಿ ಪ್ರಸ್ತಾವಕ್ಕೂ ಒಂದು ಸಂಖ್ಯೆಯಿದ್ದು, ಅದರ ಪರವಾಗಿ ಮತ್ತು ವಿರೋಧವಾಗಿ ಬರೆದ ವಾದಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸಿದ ಕೈಪಿಡಿಯನ್ನು ಸರ್ಕಾರವೇ ಮತದಾರರಿಗೆ ಕಳುಹಿಸುತ್ತದೆ. ರಾಜ್ಯದ ರಾಜಕೀಯ ಚರಿತ್ರೆಯನ್ನು ಬರೆಯುವವರಿಗೆ ಈ ಕೈಪಿಡಿಗಳಿಗಿಂತ ಪ್ರಾಮಾಣಿಕವಾದ ಆಕರ ಇನ್ನೊಂದಿಲ್ಲ.

ಆದರೆ ಮತದಾರರ ಕೈಗೆ ಬಂದ ಅಧಿಕಾರ ತಾನಾಗಿ ನ್ಯಾಯವನ್ನೇ ತರುತ್ತದೆಂಬ ಭರವಸೆ ಇರಲಿಲ್ಲ ಎಂಬುದನ್ನು 1926ರ ಘಟನೆ ತೋರಿಸಿಕೊಟ್ಟಿತು. 1920ರ ಜನಗಣತಿಯಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ದಕ್ಷಿಣ ಭಾಗದ ಬೆಳವಣಿಗೆ ಕಂಡು ಬೆಚ್ಚಿದ ಗ್ರಾಮೀಣ ಹಿತಾಸಕ್ತಿಗಳೂ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವರ್ಗವೂ ಒಂದಾಗಿ ಪ್ರಸ್ತಾವ 28ನ್ನು ಮುಂದೆ ತಂದು ಗೆಲ್ಲಿಸಿದವು. ಅದರ ಪ್ರಕಾರ ರಾಜ್ಯದ ಮೇಲ್ಮನೆಯಲ್ಲಿ ಯಾವ ಕೌಂಟಿಗೂ ಒಬ್ಬನಿಗಿಂತ ಹೆಚ್ಚು ಸೆನೆಟರ್ ಇರುವಂತಿರಲಿಲ್ಲ. ಕೌಂಟಿಯೆಂದರೆ ಸ್ಥೂಲವಾಗಿ ಇಲ್ಲಿನ ಜಿಲ್ಲೆಯಂಥ ಆಡಳಿತ ಘಟಕ. 1960ರ ಜನಗಣತಿಯ ಹೊತ್ತಿಗೆ ಲಾಸ್ ಏಂಜಲೀಸ್ ಕೌಂಟಿಯ 60,38,771 ಜನರಿಗೆ ಒಬ್ಬ ಸೆನೆಟರ್, ಸಿಯೆರಾ ಬೆಟ್ಟಸಾಲಿನ ಮೂರು ಕೌಂಟಿಗಳ 14,294 ಜನರಿಗೂ ಒಬ್ಬ ಸೆನೆಟರ್ ಎಂಬ ಸ್ಥಿತಿ ಬಂದಿತ್ತು. ಒಬ್ಬ ಬೆಟ್ಟದ ನಿವಾಸಿಯ ಮತ 422 ನಗರವಾಸಿಗಳ ಮತಕ್ಕೆ ಸಮನಾದ ಈ ಏರ್ಪಾಡನ್ನು ಬದಲಿಸುವ ಅವಕಾಶ 1928, 1948, 1960 ಮತ್ತು 1962ರಲ್ಲಿ ಮತದಾರರ ಮುಂದೆ ಬಂದರೂ ಅವರು ಪ್ರತಿ ಸಲವೂ ನಿರಾಕರಿಸಿದರು. 1948ರಲ್ಲಿ ಗವರ್ನರ್ ಆಗಿದ್ದ ಅರ್ಲ್ ವಾರೆನ್ ಸಹ ಹಳೆಯ ಏರ್ಪಾಡಿನ ಪರವಾಗಿಯೇ ಮಾತನಾಡಿದ್ದರು.

ಅದೇ ವಾರೆನ್ 1964ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ರೆನಾಲ್ಡ್ಸ್ ವಿರುದ್ಧ ಸಿಮ್ಸ್ ಪ್ರಕರಣದ ತೀರ್ಪು ಬರೆದು, ರಾಜ್ಯ ಶಾಸನಸಭೆಯ ಎರಡೂ ಮನೆಗಳ ಕ್ಷೇತ್ರಗಳಲ್ಲಿ ಜನಸಂಖ್ಯೆ ಸರಿಸುಮಾರು ಸಮವಾಗಿರಬೇಕೆಂದು ಸಾರಿದರು. ಅದಕ್ಕೆ ಕೆಲವು ತಿಂಗಳ ಮೊದಲು ವೆಸ್ಬೆರಿ ವಿರುದ್ಧ ಸ್ಯಾಂಡರ್ಸ್ ಪ್ರಕರಣದಲ್ಲಿ ಅದೇ ನಿಯಮ ಕಾಂಗ್ರೆಸ್ ಕ್ಷೇತ್ರಗಳಿಗೂ ಅನ್ವಯವಾಗಿತ್ತು. ಜಾರ್ಜಿಯ ರಾಜ್ಯದ ಅಟ್ಲಾಂಟ ನಗರದ ಕ್ಷೇತ್ರದಲ್ಲಿ 8,23,680 ಜನರಿದ್ದು ಅದೇ ರಾಜ್ಯದ ಒಂಬತ್ತನೆಯ ಕ್ಷೇತ್ರದಲ್ಲಿ 2,72,154 ಜನರಷ್ಟೇ ಇದ್ದುದು ಆ ವ್ಯಾಜ್ಯದ ಮೂಲ. ಕೊಲರಾಡೊ ರಾಜ್ಯದ ಇನ್ನೊಂದು ಪ್ರಕರಣದಲ್ಲಿ, ಅಸಮಾನತೆಯನ್ನು ಮತದಾರರೇ ಬಹುಮತದಿಂದ ಒಪ್ಪಿದ್ದಾರೆ ಎಂಬ ಕಾರಣಕ್ಕೆ ಅದು ಸಂವಿಧಾನಬದ್ಧವಾಗದು ಎಂದೂ ನ್ಯಾಯಾಲಯ ಹೇಳಿತು. ಕ್ಷೇತ್ರಗಳ ಚರಿತ್ರೆಯಲ್ಲಿ ಇಷ್ಟು ಮಹತ್ವದ ಮಾತು ಬೇರೊಂದಿಲ್ಲ, ಏಕೆಂದರೆ ಜನರ ಒಪ್ಪಿಗೆ ಎಷ್ಟು ದೂರ ಹೋಗಬಹುದು ಎಂಬುದರ ಎಲ್ಲೆಯನ್ನು ಅದು ಗುರುತಿಸಿತು. ಆ ನಂತರ ಕ್ಯಾಲಿಫೋರ್ನಿಯದ ಮೇಲ್ಮನೆಯಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಪ್ರಾತಿನಿಧ್ಯ ಒಂದರಿಂದ 14ಕ್ಕೆ ಏರಿತು.

ಜನಸಂಖ್ಯೆ ಸಮವಾದ ಮಾತ್ರಕ್ಕೆ ಗೆರೆಗಳು ನೇರವಾಗಲಿಲ್ಲ. ಸಮಸಂಖ್ಯೆಯ ನಿಯಮ ಪಾಲಿಸಬೇಕಾದ್ದರಿಂದ ಪ್ರತಿ ಜನಗಣತಿಯ ಬಳಿಕ ನಕ್ಷೆಯನ್ನು ಹೊಸದಾಗಿ ಬರೆಯುವುದು ಕಡ್ಡಾಯವಾಗಿ, ತಿರುಚುವ ಅವಕಾಶವೂ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಒದಗಿತು. 1970ರ ಜನಗಣತಿಯ ನಂತರ ಡೆಮಾಕ್ರಟಿಕ್ ಪಕ್ಷದ ಶಾಸನಸಭೆ ಬರೆದ ನಕ್ಷೆಗಳನ್ನು ರಿಪಬ್ಲಿಕನ್ ಗವರ್ನರ್ ರೊನಾಲ್ಡ್ ರೇಗನ್ ತಿರಸ್ಕರಿಸಿದ್ದರಿಂದ ರಾಜ್ಯದ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಾಧೀಶರನ್ನು ನೇಮಿಸಿ 1973ರಲ್ಲಿ ಹೊಸ ನಕ್ಷೆ ತಯಾರಿಸಿತು. ಆದರೆ 1981ರಲ್ಲಿ ಅಂಥ ತಡೆ ಇರಲಿಲ್ಲ, ಏಕೆಂದರೆ ಶಾಸನಸಭೆಯೂ ಗವರ್ನರ್ ಜೆರಿ ಬ್ರೌನ್ ಅವರೂ ಡೆಮಾಕ್ರಟಿಕ್ ಪಕ್ಷದವರೇ ಆಗಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಕಾಂಗ್ರೆಸ್ ಸದಸ್ಯ ಫಿಲಿಪ್ ಬರ್ಟನ್ ಕಾಂಗ್ರೆಸ್ ಕ್ಷೇತ್ರಗಳ ನಕ್ಷೆಯನ್ನು ತಾವೇ ಕುಳಿತು ಬರೆದರು. ತಮ್ಮ ಸಹೋದರ ಜಾನ್ ಬರ್ಟನ್ ಅವರಿಗಾಗಿ ಅವರು ರೂಪಿಸಿದ ಕ್ಷೇತ್ರ ಕೊಲ್ಲಿಯ ನೀರಿನ ಆಚೀಚೆ ಚದುರಿದ ತುಂಡುಗಳನ್ನು ಪೋಣಿಸಿದಂತಿತ್ತು. ಆಧುನಿಕ ಕಲೆಗೆ ಇದು ತಮ್ಮ ಕೊಡುಗೆ ಎಂದು ಬರ್ಟನ್ ಹೇಳಿಕೊಂಡ ಮಾತು ಅಮೆರಿಕದ ರಾಜಕೀಯ ಬರಹಗಳಲ್ಲಿ ಮತ್ತೆ ಮತ್ತೆ ಉದ್ಧೃತವಾಗಿದೆ. ಫಲಿತಾಂಶ ಮಾತ್ರ ಸ್ಪಷ್ಟ: 1980ರಲ್ಲಿ ರಾಜ್ಯದ 43 ಸ್ಥಾನಗಳ ಪೈಕಿ 22 ಡೆಮಾಕ್ರಟರಿಗೂ 21 ರಿಪಬ್ಲಿಕನ್ನರಿಗೂ ಹೋಗಿದ್ದರೆ, 1982ರಲ್ಲಿ 45 ಸ್ಥಾನಗಳ ಪೈಕಿ ಡೆಮಾಕ್ರಟರು 28ನ್ನು ಪಡೆದರು.

ರಿಪಬ್ಲಿಕನ್ನರು ಸಹಿ ಸಂಗ್ರಹಿಸಿ ಆ ನಕ್ಷೆಗಳನ್ನು ರೆಫರೆಂಡಮ್‌ಗೆ ತಂದರು. 1982ರ ಜೂನ್‌ನಲ್ಲಿ ಮತದಾರರು ಮೂರು ನಕ್ಷೆಗಳನ್ನೂ, ಅಂದರೆ ಕಾಂಗ್ರೆಸ್ಸಿನದನ್ನೂ ರಾಜ್ಯದ ಎರಡು ಮನೆಗಳದನ್ನೂ, ತಿರಸ್ಕರಿಸಿದರು. ಆದರೂ ಆ ವರ್ಷದ ನವೆಂಬರ್ ಚುನಾವಣೆ ಅದೇ ನಕ್ಷೆಗಳ ಮೇಲೆ ನಡೆಯಿತು, ಏಕೆಂದರೆ ಬೇರೆ ನಕ್ಷೆಗೆ ಸಮಯವಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟು ಮೊದಲೇ ಆದೇಶಿಸಿತ್ತು. ಜನರು ಬೇಡವೆಂದ ನಕ್ಷೆಯಿಂದ ಆರಿಸಿಬಂದವರು ಅದಕ್ಕೆ ಅಲ್ಪಸ್ವಲ್ಪ ತಿದ್ದುಪಡಿ ಮಾಡಿ ಮತ್ತೆ ಅಂಗೀಕರಿಸಿದರು. ಹುದ್ದೆ ಬಿಡುವ ಮುನ್ನ ಬ್ರೌನ್ ಅದಕ್ಕೆ ಸಹಿ ಹಾಕಿದರು, ಏಕೆಂದರೆ ಅವರ ಜಾಗಕ್ಕೆ ಬರಲಿದ್ದ ಜಾರ್ಜ್ ಡ್ಯೂಕ್ಮೇಜಿಯನ್ ರಿಪಬ್ಲಿಕನ್ ಪಕ್ಷದವರಾಗಿದ್ದು ಅದನ್ನು ಒಪ್ಪುವ ಸಂಭವವಿರಲಿಲ್ಲ. ಮತದಾರರ ಸ್ಪಷ್ಟ ತೀರ್ಪನ್ನು ಆ ಅವಸರದ ಸಹಿ ಕಾಲಕಸ ಮಾಡಿತು. ರೆಫರೆಂಡಮ್ ಕೆಟ್ಟ ನಕ್ಷೆಯನ್ನು ಹೊಡೆದುಹಾಕಬಲ್ಲದು, ಆದರೆ ಒಳ್ಳೆಯ ನಕ್ಷೆಯನ್ನು ಕಟ್ಟಲಾರದು ಎಂಬ ಪಾಠ ಸುಧಾರಕರಿಗೆ ಆಗ ದೊರೆಯಿತು. ಲೇಖನಿಯನ್ನೇ ಶಾಸಕರ ಕೈಯಿಂದ ತೆಗೆಯದ ಹೊರತು ಬೇರೆ ದಾರಿಯಿಲ್ಲವೆಂಬುದು ಸ್ಪಷ್ಟವಾಯಿತು.

ಆದರೆ ಲೇಖನಿಯನ್ನು ತೆಗೆಯುವ ಪ್ರಸ್ತಾವಗಳು ಒಂದರ ಹಿಂದೊಂದು ಸೋತವು. 1982ರ ನವೆಂಬರ್‌ನಲ್ಲಿ ಪ್ರಸ್ತಾವ 14, 1984ರಲ್ಲಿ ಡ್ಯೂಕ್ಮೇಜಿಯನ್ ಬೆಂಬಲಿಸಿದ ಪ್ರಸ್ತಾವ 39, 1990ರಲ್ಲಿ ಪ್ರಸ್ತಾವ 118 ಮತ್ತು 119, 2005ರಲ್ಲಿ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ಪ್ರಸ್ತಾವ 77, ಇವು ಯಾವುವೂ ದಡ ಸೇರಲಿಲ್ಲ. ಸೋಲಿಗೆ ಎರಡು ಕಾರಣಗಳು ಎದ್ದು ಕಾಣುತ್ತವೆ. ಬಹುತೇಕ ಪ್ರಸ್ತಾವಗಳ ಬೆನ್ನಿಗೆ ರಿಪಬ್ಲಿಕನ್ನರ ಬೆಂಬಲ ಇದ್ದುದರಿಂದ ಡೆಮಾಕ್ರಟಿಕ್ ಒಲವಿನ ರಾಜ್ಯದಲ್ಲಿ ಅವು ಸುಧಾರಣೆಗಿಂತ ಒಂದು ಪಕ್ಷದ ಹೂಟದಂತೆ ಕಂಡವು. ಅಲ್ಲದೆ ಕೆಲವು ಪ್ರಸ್ತಾವಗಳು ಕೆಲಸವನ್ನು ನಿವೃತ್ತ ನ್ಯಾಯಾಧೀಶರಿಗೆ ವಹಿಸಲು ಹೊರಟಿದ್ದು, ಜನರಿಗೆ ಪರಿಚಯವೇ ಇಲ್ಲದ ಕೆಲವರ ಕೈಗೆ ಇಷ್ಟು ದೊಡ್ಡ ಅಧಿಕಾರ ಹೋಗುವುದು ಹಲವರಿಗೆ ಹಿಡಿಸಲಿಲ್ಲ.

ಸುಧಾರಣೆಗೆ ಬೇಕಾದ ಕಾವು ಹುಟ್ಟಿದ್ದು 2001ರ ನಕ್ಷೆಯಿಂದ. ಆ ಬಾರಿ ಎರಡೂ ಪಕ್ಷಗಳು ಕಚ್ಚಾಡದೆ ಒಪ್ಪಂದ ಮಾಡಿಕೊಂಡು, ಹಾಲಿ ಸದಸ್ಯರೆಲ್ಲರ ಸ್ಥಾನಗಳೂ ಭದ್ರವಾಗುವಂತೆ ಎಲ್ಲೆಗಳನ್ನು ಬರೆದುಕೊಂಡವು. ಡೆಮಾಕ್ರಟರ ಪರವಾಗಿ ನಕ್ಷೆ ಸಿದ್ಧಪಡಿಸಿದ ಸಲಹೆಗಾರ ಮೈಕೆಲ್ ಬರ್ಮನ್. ಅವರಿಗೆ ಆ ಪಕ್ಷದ ಕಾಂಗ್ರೆಸ್ ಸದಸ್ಯರಲ್ಲಿ ಬಹುತೇಕರು ತಲಾ 20,000 ಡಾಲರ್ ಕೊಟ್ಟರು. ಅವರ ಸಹೋದರ ಹೋವರ್ಡ್ ಬರ್ಮನ್ ಸ್ಯಾನ್ ಫರ್ನಾಂಡೊ ಕಣಿವೆಯಿಂದ ಕಾಂಗ್ರೆಸ್ ಸದಸ್ಯರಾಗಿದ್ದರು, ಮತ್ತು ಆ ಕಣಿವೆಯ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಮತದಾರರನ್ನು ಬೇರ್ಪಡಿಸಿ ಎಲ್ಲೆ ಬರೆಯಲಾಗಿದೆಯೆಂದು ಹೂಡಿದ ದಾವೆ ನ್ಯಾಯಾಲಯದಲ್ಲಿ ಸೋತಿತು. ಏಷ್ಯಾ ಮೂಲದವರು ಹೆಚ್ಚಾಗಿ ನೆಲೆಸಿದ್ದ ಸ್ಯಾನ್ ಹೋಸೆ ನಗರದ ಬೆರಿಯೆಸಾ ಬಡಾವಣೆ ರಾಜ್ಯದ ಕೆಳಮನೆಯ ನಾಲ್ಕು ಕ್ಷೇತ್ರಗಳಿಗೆ ಹಂಚಿಹೋಯಿತು. 2004ರ ಚುನಾವಣೆಯಲ್ಲಿ ಮತಕ್ಕಿದ್ದ 153 ಸ್ಥಾನಗಳಲ್ಲಿ, ಅಂದರೆ 53 ಕಾಂಗ್ರೆಸ್ ಸ್ಥಾನ, 80 ಕೆಳಮನೆ ಸ್ಥಾನ ಮತ್ತು 20 ಮೇಲ್ಮನೆ ಸ್ಥಾನಗಳಲ್ಲಿ, ಒಂದೂ ಒಂದು ಪಕ್ಷದಿಂದ ಇನ್ನೊಂದಕ್ಕೆ ಬದಲಾಗಲಿಲ್ಲ. 2002ರಿಂದ 2010ರವರೆಗಿನ ಐದು ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಒಂದೇ ಒಂದು ಸ್ಥಾನ ಕೈ ಬದಲಾಯಿಸಿತು. ಮತದಾರರು ಮತಗಟ್ಟೆಗೆ ಹೋಗುವ ಮೊದಲೇ ಫಲಿತಾಂಶ ಬರೆದಿಟ್ಟಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಕಾಮನ್ ಕಾಸ್ ಎಂಬ ನಾಗರಿಕ ಸಂಸ್ಥೆ ಮತ್ತು ಅದರ ಜೊತೆಗಾರರು ಬರೆದು, ಶ್ವಾರ್ಜ್‌ನೆಗರ್ ಬೆಂಬಲಿಸಿದ ಪ್ರಸ್ತಾವ 11 ಹಿಂದಿನ ಸೋಲುಗಳಿಂದ ಪಾಠ ಕಲಿತಿತ್ತು. ನ್ಯಾಯಾಧೀಶರ ಬದಲು ಸಾಮಾನ್ಯ ನಾಗರಿಕರ ಆಯೋಗ. ಒಂದು ಪಕ್ಷದ ಬದಲು ಎರಡೂ ಪಕ್ಷಗಳ ಸಮ ಪ್ರಾತಿನಿಧ್ಯ. ಮತ್ತು ಕಾಂಗ್ರೆಸ್ ಕ್ಷೇತ್ರಗಳನ್ನು ಸದ್ಯಕ್ಕೆ ಕೈಬಿಟ್ಟು ರಾಜ್ಯ ಶಾಸನಸಭೆಯ ಕ್ಷೇತ್ರಗಳಿಗಷ್ಟೇ ಸೀಮಿತಗೊಳಿಸುವ ಜಾಣ್ಮೆ. ಕಾಂಗ್ರೆಸ್ಸನ್ನು ಸೇರಿಸಿದರೆ ವಾಷಿಂಗ್ಟನ್ನಿನ ಪ್ರಬಲ ಸದಸ್ಯರು ವಿರೋಧಕ್ಕೆ ಹಣ ಸುರಿಯುತ್ತಾರೆಂಬ ಲೆಕ್ಕಾಚಾರ ಅದರ ಹಿಂದಿತ್ತು. 2008ರ ನವೆಂಬರ್‌ನಲ್ಲಿ ಅದು ಶೇಕಡ 51ರ ಆಸುಪಾಸಿನ ಮತಗಳಿಂದ, ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಎರಡು ವರ್ಷಗಳ ಬಳಿಕ ಬಂದ ಪ್ರಸ್ತಾವ 20 ಆಯೋಗದ ಅಧಿಕಾರವನ್ನು ಕಾಂಗ್ರೆಸ್ ಕ್ಷೇತ್ರಗಳಿಗೂ ವಿಸ್ತರಿಸಲು ಕೇಳಿತು. ಭೌತವಿಜ್ಞಾನಿ ಚಾರ್ಲ್ಸ್ ಮಂಗರ್ ಜೂನಿಯರ್ ಅದಕ್ಕೆ ತಮ್ಮ ಸ್ವಂತ ಹಣವನ್ನು ಧಾರಾಳವಾಗಿ ಸುರಿದರು. ಅದೇ ಮತಪತ್ರದಲ್ಲಿ, ಆಯೋಗವನ್ನೇ ರದ್ದುಗೊಳಿಸಲು ಕೇಳುವ ಪ್ರಸ್ತಾವ 27 ಸಹ ಇತ್ತು. ಕಾಂಗ್ರೆಸ್ಸಿನ ಹಲವು ಡೆಮಾಕ್ರಟಿಕ್ ಸದಸ್ಯರು ಅದಕ್ಕೆ ಹಣ ಒದಗಿಸಿದ್ದರು. ಎರಡು ವಿರುದ್ಧ ಪ್ರಶ್ನೆಗಳು ಒಂದೇ ಹಾಳೆಯ ಮೇಲೆ ಬಂದಾಗ ಮತದಾರರ ಉತ್ತರ ಗೊಂದಲವಿಲ್ಲದೆ ಹೊರಬಿತ್ತು: ಪ್ರಸ್ತಾವ 20 ಶೇಕಡ 61ರಷ್ಟು ಮತ ಪಡೆದು ಗೆದ್ದಿತು, ಪ್ರಸ್ತಾವ 27 ಸೋತಿತು. ಎರಡು ವರ್ಷಗಳಲ್ಲಿ ಬೆಂಬಲ ಹತ್ತು ಶೇಕಡ ಅಂಶಗಳಷ್ಟು ಹೆಚ್ಚಿದ್ದಕ್ಕೆ, ಸದಸ್ಯರು ತಮ್ಮ ಮತದಾರರನ್ನು ತಾವೇ ಆರಿಸಿಕೊಳ್ಳುತ್ತಿದ್ದಾರೆ ಎಂಬ ಅರಿವು ಆ ವೇಳೆಗೆ ವ್ಯಾಪಕವಾಗಿ ಹಬ್ಬಿದ್ದೇ ಮುಖ್ಯ ಕಾರಣವೆನ್ನಬಹುದು.

ಆಯೋಗದ ರಚನೆಯ ವಿವರಗಳು ಗಮನಕ್ಕೆ ಯೋಗ್ಯವಾಗಿವೆ, ಏಕೆಂದರೆ ಅಪನಂಬಿಕೆಯನ್ನೇ ಅಡಿಪಾಯ ಮಾಡಿಕೊಂಡು ನಂಬಿಕೆಯ ಸಂಸ್ಥೆಯೊಂದನ್ನು ಕಟ್ಟಿದ ಕ್ರಮ ಅದರಲ್ಲಿ ಕಾಣುತ್ತದೆ. ಆಯೋಗದಲ್ಲಿ 14 ಸದಸ್ಯರು: ರಾಜ್ಯದ ಎರಡು ದೊಡ್ಡ ಪಕ್ಷಗಳಿಗೆ ಸೇರಿದ ತಲಾ ಐವರು, ಎರಡಕ್ಕೂ ಸೇರದ ನಾಲ್ವರು. ರಾಜ್ಯದ ಲೆಕ್ಕ ಪರಿಶೋಧಕರ ಕಚೇರಿ ಅರ್ಜಿಗಳನ್ನು ಕರೆಯುತ್ತದೆ. ಮೊದಲ ಸಲ ಸುಮಾರು 30,000 ಜನ ಅರ್ಜಿ ಹಾಕಿದರು. ಜರಡಿ ಹಿಡಿದು ಉಳಿಸಿದ 60 ಹೆಸರುಗಳಲ್ಲಿ ಶಾಸನಸಭೆಯ ನಾಯಕರು ಕೆಲವನ್ನು ತೆಗೆದುಹಾಕಬಹುದು, ಆದರೆ ಹೊಸದಾಗಿ ಸೇರಿಸುವಂತಿಲ್ಲ. ಉಳಿದ ಹೆಸರುಗಳಿಂದ ಎಂಟನ್ನು ಲಾಟರಿಯ ಮೂಲಕ ಎತ್ತಲಾಗುತ್ತದೆ. ಆ ಎಂಟು ಜನ ಉಳಿದ ಆರು ಮಂದಿಯನ್ನು ಆರಿಸುತ್ತಾರೆ. ಯಾವ ನಕ್ಷೆಯೂ ಅಂತಿಮವಾಗಬೇಕಾದರೆ ಪ್ರತಿ ಗುಂಪಿನಿಂದ ಕನಿಷ್ಠ ಮೂವರ ಒಪ್ಪಿಗೆ ಬೇಕು. ಹಾಲಿ ಸದಸ್ಯನ ಮನೆ ಎಲ್ಲಿದೆಯೆಂದು ನೋಡುವುದು ನಿಷಿದ್ಧ. ಸಮ ಜನಸಂಖ್ಯೆ, ಅಲ್ಪಸಂಖ್ಯಾತರ ಮತಬಲವನ್ನು ಕಾಯುವ 1965ರ ಮತದಾನ ಹಕ್ಕುಗಳ ಕಾಯಿದೆ, ಭೂಭಾಗದ ಅಖಂಡತೆ, ಇವುಗಳ ನಂತರದ ಸ್ಥಾನ ನಗರ, ಕೌಂಟಿ, ನೆರೆಹೊರೆ ಮತ್ತು ಸಮಾನ ಹಿತಾಸಕ್ತಿಯ ಸಮುದಾಯಗಳದು. ಈ ಕೊನೆಯ ಪದವನ್ನು ಪ್ರಸ್ತಾವ 20 ವಿವರಿಸಿದ ರೀತಿ ಸೊಗಸಾಗಿದೆ: ಒಂದೇ ಬಗೆಯ ಬದುಕಿನ ಮಟ್ಟ, ಒಂದೇ ಸಾರಿಗೆ, ಒಂದೇ ತೆರನ ಕೆಲಸದ ಅವಕಾಶ, ಒಂದೇ ಸುದ್ದಿ ಮಾಧ್ಯಮಗಳನ್ನು ಹಂಚಿಕೊಂಡು ಅಕ್ಕಪಕ್ಕದಲ್ಲಿ ಬಾಳುವ ಜನರು ಒಟ್ಟಿಗೆ ಇರತಕ್ಕದ್ದು ಎಂಬುದು ಅದರ ಸಾರ.

2011ರಲ್ಲಿ ಆಯೋಗ 34 ಬಹಿರಂಗ ಸಭೆಗಳನ್ನು ನಡೆಸಿ 2,700ಕ್ಕೂ ಹೆಚ್ಚು ಜನರ ಮಾತು ಕೇಳಿ, ಸುಮಾರು 20,000 ಲಿಖಿತ ಅಹವಾಲುಗಳನ್ನು ಪಡೆಯಿತು. ಎಳೆದ ಪ್ರತಿ ಗೆರೆಯನ್ನೂ ಎಲ್ಲರೆದುರು ಸಮರ್ಥಿಸಬೇಕಾದ ಈ ವಿಧಾನಕ್ಕೂ ಬರ್ಟನ್ ಅವರ ಕಾಲದ ಮುಚ್ಚಿದ ಕೋಣೆಗೂ ಅಜಗಜಾಂತರ. ಆ ವರ್ಷದ ಆಗಸ್ಟ್ 15ರಂದು ಕಾಂಗ್ರೆಸ್ ನಕ್ಷೆ 12-2 ಮತಗಳಿಂದ ಅಂಗೀಕಾರವಾಯಿತು. ಹೊಸ ನಕ್ಷೆಯ 17ನೆಯ ಕ್ಷೇತ್ರ, ಹವಾಯಿಯನ್ನು ಬಿಟ್ಟರೆ ಏಷ್ಯಾ ಮೂಲದವರೇ ಬಹುಸಂಖ್ಯಾತರಾಗಿರುವ ಮೊದಲ ಕಾಂಗ್ರೆಸ್ ಕ್ಷೇತ್ರವೆಂದು ಹೆಸರಾಯಿತು. ಕನ್ನಡಿಗರು ಸೇರಿದಂತೆ ಭಾರತೀಯ ತಂತ್ರಜ್ಞರು ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಸನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್ ಭಾಗಗಳು ಅದರೊಳಗೆ ಬಂದವು. ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಲ್ಯಾಟಿನೊ ಮತದಾರರು ಒಟ್ಟುಗೂಡಿದಾಗ ಹಾಲಿ ಸದಸ್ಯರಾದ ಹೋವರ್ಡ್ ಬರ್ಮನ್ ಮತ್ತು ಬ್ರ್ಯಾಡ್ ಶರ್ಮನ್ ಒಂದೇ ಕ್ಷೇತ್ರಕ್ಕೆ ಸ್ಪರ್ಧಿಸಬೇಕಾಯಿತು. ಸಹೋದರನ ನಕ್ಷೆ ಹತ್ತು ವರ್ಷ ಕಾಪಾಡಿದ ಬರ್ಮನ್ 2012ರಲ್ಲಿ ಸೋತರು. ಹಲವು ಹಿರಿಯ ಸದಸ್ಯರು ಮತ್ತೆ ಕಣಕ್ಕಿಳಿಯದೆ ನಿವೃತ್ತರಾದರು. 2021ರಲ್ಲಿ ಎರಡನೆಯ ಆಯೋಗ ತನ್ನ ನಕ್ಷೆಗಳನ್ನು ಸರ್ವಾನುಮತದಿಂದ ಒಪ್ಪಿತು. ಶಾಸಕರ ಕೈಯಲ್ಲಿದ್ದಾಗ ಕನಸಿಗೂ ನಿಲುಕದಿದ್ದ ಸಂಗತಿ ಅದು.

ಶಾಸನಸಭೆಗೆ ಸಂವಿಧಾನ ಕೊಟ್ಟ ಅಧಿಕಾರವನ್ನು ಮತದಾರರು ಕಿತ್ತುಕೊಳ್ಳಬಹುದೇ ಎಂಬ ಕಾನೂನಿನ ಪ್ರಶ್ನೆ ಈ ನಡುವೆ ಸುಪ್ರೀಂ ಕೋರ್ಟಿಗೆ ಹೋಯಿತು. 2000ದಲ್ಲೇ ಇಂಥ ಆಯೋಗ ರಚಿಸಿಕೊಂಡಿದ್ದ ಆರಿಜೋನ ರಾಜ್ಯದ ಶಾಸನಸಭೆ ಹೂಡಿದ ಮೊಕದ್ದಮೆಯಲ್ಲಿ, ಸಂವಿಧಾನದ ಪ್ರಕಾರ ಶಾಸನಸಭೆಯೆಂದರೆ ರಾಜ್ಯದ ಕಾನೂನು ಮಾಡುವ ಅಧಿಕಾರವೆಂದೂ, ಮತಪತ್ರದ ಮೂಲಕ ಕಾನೂನು ಮಾಡುವ ಜನರೂ ಅದರಲ್ಲಿ ಸೇರುತ್ತಾರೆಂದೂ 2015ರಲ್ಲಿ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ 5-4ರ ಬಹುಮತದ ತೀರ್ಪು ಬರೆದರು. ಇದಕ್ಕೆ ಒಂದು ಶತಮಾನದಷ್ಟು ಹಳೆಯ ಆಧಾರವಿತ್ತು: ಒಹಾಯೊ ರಾಜ್ಯದ ಕಾಂಗ್ರೆಸ್ ನಕ್ಷೆಯನ್ನು ಮತದಾರರು ರೆಫರೆಂಡಮ್ ಮೂಲಕ ತಿರಸ್ಕರಿಸಿದ್ದನ್ನು ಅದೇ ನ್ಯಾಯಾಲಯ 1916ರಲ್ಲಿ ಎತ್ತಿಹಿಡಿದಿತ್ತು. 2018ರಲ್ಲಿ ಮಿಶಿಗನ್, ಕೊಲರಾಡೊ ಮೊದಲಾದ ರಾಜ್ಯಗಳ ಮತದಾರರು ಕ್ಯಾಲಿಫೋರ್ನಿಯದ ಹಾದಿ ಹಿಡಿದರು. ಮಿಶಿಗನ್ನಿನ ನಾಗರಿಕ ಆಯೋಗ ಬರೆದ 13ನೆಯ ಕ್ಷೇತ್ರದಿಂದ 2022ರಲ್ಲಿ ಗೆದ್ದು ಕಾಂಗ್ರೆಸ್ ಪ್ರವೇಶಿಸಿದ ಶ್ರೀ ಥಾಣೇದಾರ್ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದವರು ಎಂಬುದು ಇಲ್ಲಿನ ಓದುಗರಿಗೆ ಕುತೂಹಲದ ಸಂಗತಿ. ಅದೇ ಆಯೋಗ ಡೆಟ್ರಾಯಿಟ್ ಸುತ್ತ ಬರೆದ ರಾಜ್ಯ ಶಾಸನಸಭೆಯ 13 ಕ್ಷೇತ್ರಗಳನ್ನು ಫೆಡರಲ್ ನ್ಯಾಯಾಲಯ 2023ರಲ್ಲಿ ಅಸಿಂಧುಗೊಳಿಸಿದ್ದನ್ನೂ ನೆನೆಯಬೇಕು. ಕಪ್ಪು ಜನರ ಮತಗಳನ್ನು ವರ್ಣದ ಆಧಾರದ ಮೇಲೆ ಹಂಚಿದ್ದು ಅದರ ತಪ್ಪಾಗಿತ್ತು. ಲೇಖನಿ ನಾಗರಿಕರ ಕೈಗೆ ಬಂದರೂ ಅದು ಎಡವಬಹುದು.

2019ರ ಜೂನ್ 27ರಂದು ರೂಚೊ ವಿರುದ್ಧ ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ, ಪಕ್ಷದ ಲಾಭಕ್ಕಾಗಿ ಎಲ್ಲೆ ತಿರುಚುವುದನ್ನು ಫೆಡರಲ್ ನ್ಯಾಯಾಲಯಗಳು ವಿಚಾರಿಸುವಂತಿಲ್ಲವೆಂದು ಬಾಗಿಲು ಮುಚ್ಚಿತು. ಪರಿಹಾರ ಬೇರೆಡೆ ಇದೆಯೆಂದು ತೋರಿಸಲು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಮಿಶಿಗನ್ ಮತ್ತು ಕೊಲರಾಡೊ ಮತದಾರರ ತಿದ್ದುಪಡಿಗಳನ್ನೇ ಉಲ್ಲೇಖಿಸಿದರು. ಆದರೆ ಮತದಾರರೇ ಇಂಥ ಪ್ರಸ್ತಾವವನ್ನು ಮತಪತ್ರಕ್ಕೆ ತರುವ ಅವಕಾಶ ಎಲ್ಲ ರಾಜ್ಯಗಳಲ್ಲೂ ಇಲ್ಲ, ಟೆಕ್ಸಸ್‌ನಲ್ಲಿ ಇಲ್ಲ. ಜನಗಣತಿಯ ಮಧ್ಯದ ವರ್ಷಗಳಲ್ಲಿ ನಕ್ಷೆ ಬದಲಿಸುವುದಕ್ಕೂ ಫೆಡರಲ್ ಸಂವಿಧಾನದ ತಡೆಯಿಲ್ಲವೆಂದು 2006ರಲ್ಲೇ ಟೆಕ್ಸಸ್‌ನ ಪ್ರಕರಣವೊಂದರಲ್ಲಿ ತೀರ್ಮಾನವಾಗಿತ್ತು. 2025ರ ಬೇಸಿಗೆಯಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಒತ್ತಾಯದ ಮೇರೆಗೆ ಟೆಕ್ಸಸ್ ಶಾಸನಸಭೆ ರಿಪಬ್ಲಿಕನ್ನರಿಗೆ ಇನ್ನೂ ಐದು ಸ್ಥಾನ ದೊರೆಯುವಂತೆ ನಕ್ಷೆ ಬದಲಿಸಿದಾಗ, ಕ್ಯಾಲಿಫೋರ್ನಿಯದ ಗವರ್ನರ್ ಗ್ಯಾವಿನ್ ನ್ಯೂಸಮ್ ಮತ್ತು ಅಲ್ಲಿನ ಶಾಸನಸಭೆ ಪ್ರಸ್ತಾವ 50ನ್ನು ಜನರ ಮುಂದಿಟ್ಟರು. ಆಯೋಗದ ಕಾಂಗ್ರೆಸ್ ನಕ್ಷೆಯನ್ನು 2030ರವರೆಗೆ ಬದಿಗಿಟ್ಟು, ಡೆಮಾಕ್ರಟರಿಗೆ ಐದು ಸ್ಥಾನಗಳಲ್ಲಿ ಅನುಕೂಲವಾಗುವ ನಕ್ಷೆಯನ್ನು ಬಳಸುವುದು ಅದರ ಉದ್ದೇಶ. ದೇಶದಾದ್ಯಂತ ಸ್ವತಂತ್ರ ಆಯೋಗಗಳು ಬರಬೇಕೆಂಬ ನೀತಿಯನ್ನೂ ಅದು ಸಾರಿತು.

ಶ್ವಾರ್ಜ್‌ನೆಗರ್ ಮತ್ತು ಮಂಗರ್ ತಾವು ಕಟ್ಟಿದ್ದನ್ನು ಕೆಡವಬಾರದೆಂದು ವಿರೋಧಿಸಿದರು. ಮೊದಲ ಆಯೋಗಕ್ಕೆ ರೂಪ ಕೊಟ್ಟ ಕಾಮನ್ ಕಾಸ್, ಇಂಥ ಪ್ರತಿಕ್ರಮವನ್ನು ಮೊದಲೇ ವಿರೋಧಿಸುವುದಿಲ್ಲವೆಂದು ಘೋಷಿಸಿತು. ವಿರೋಧಿಗಳ ನೋವು ಹುಸಿಯಲ್ಲ: ಈಶಾನ್ಯ ಮೂಲೆಯ ದನಗಾಹಿ ಸೀಮೆಯಾದ ಮೊಡಾಕ್ ಕೌಂಟಿ, ಗೋಲ್ಡನ್ ಗೇಟ್ ಸೇತುವೆಯಾಚೆಯ ಸಿರಿವಂತ ಮರೀನ್ ಕೌಂಟಿಯೊಂದಿಗೆ ಒಂದೇ ಕ್ಷೇತ್ರಕ್ಕೆ ಸೇರಿತು, ಸಮಾನ ಹಿತಾಸಕ್ತಿಯ ಸಮುದಾಯವೆಂಬ ಪ್ರಸ್ತಾವ 20ರ ಮಾತಿಗೆ ಅದು ನೇರವಾಗಿ ವಿರುದ್ಧ. ಆದರೂ ಬೆಂಬಲಿಗರ ವಾದಕ್ಕೆ ಹೆಚ್ಚಿನ ತೂಕವಿತ್ತೆಂದೇ ಹೇಳಬೇಕಾಗುತ್ತದೆ. ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ಒಂದು ರಾಜ್ಯ ಮಾತ್ರ ನಿಯಮ ಪಾಲಿಸಿ ಉಳಿದವು ಮುರಿದರೆ ಪ್ರತಿನಿಧಿ ಸಭೆಯ ಸಮತೋಲ ಇಡೀ ದೇಶಕ್ಕೆ ತಪ್ಪುತ್ತಿತ್ತು. ಮತ್ತು ನಕ್ಷೆಯ ಜೊತೆಗೆ ಅದರ ಅವಧಿಯ ಕೊನೆಯನ್ನೂ ಮತದಾರರ ಮುಂದೆ ಬರೆದಿಟ್ಟು ಅವರನ್ನು ಕೇಳಲಾಗಿತ್ತು, ಟೆಕ್ಸಸ್‌ನಲ್ಲಿ ಯಾರನ್ನೂ ಕೇಳಿರಲಿಲ್ಲ. 1982ರಲ್ಲಿ ಜನರ ನಿರಾಕರಣೆಯನ್ನು ತುಳಿದು ಬಂದ ನಕ್ಷೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. 2025ರ ನವೆಂಬರ್ 4ರಂದು ಶೇಕಡ 64ರಷ್ಟು ಮತದಾರರು ಪ್ರಸ್ತಾವವನ್ನು ಒಪ್ಪಿದರು.

ಪ್ರಸ್ತಾವ 50 ರಾಜ್ಯ ಶಾಸನಸಭೆಯ ಕ್ಷೇತ್ರಗಳನ್ನು ಮುಟ್ಟಲಿಲ್ಲ. ಅವು 2021ರ ಆಯೋಗ ಬರೆದಂತೆಯೇ ಉಳಿದಿವೆ. ಹೀಗಾಗಿ ಮೊಡಾಕ್ ಕೌಂಟಿಯ ಮತದಾರ ತನ್ನ ರಾಜ್ಯದ ಶಾಸಕನನ್ನು ನಾಗರಿಕರು ಎಳೆದ ಗೆರೆಯೊಳಗೆ ನಿಂತು ಆರಿಸುತ್ತಾನೆ, ಕಾಂಗ್ರೆಸ್ ಸದಸ್ಯನನ್ನು ಪಕ್ಷ ಎಳೆದ ಗೆರೆಯೊಳಗೆ. 2030ರ ಜನಗಣತಿ ಮುಗಿದ ಮೇಲೆ ಹೊಸದಾಗಿ ಲಾಟರಿಯೆತ್ತಿ ರಚನೆಯಾಗುವ 14 ಜನರ ಆಯೋಗ 2031ರಲ್ಲಿ ಎರಡೂ ಬಗೆಯ ಗೆರೆಗಳನ್ನು ಬರೆಯತಕ್ಕದ್ದೆಂದು ಮತದಾರರು ಒಪ್ಪಿದ ಪಠ್ಯದಲ್ಲಿದೆ.